ದುಬೈ ಶಾನುಭೋಗ

ನಾನು ಸಿಎ ಪಾಸಾದ ಸುದ್ದಿ ಮಳವಳ್ಳಿ ಪಕ್ಕದ ನಮ್ಮೂರಿಗೆ ಮುಟ್ಟಿದಾಗ ಅರ್ಧ ಊರು ಅದನ್ನು ಸಿಎಂ ಎಂದೇ ಕೇಳಿಸಿಕೊಂಡಿತು. ಮಂಡ್ಯ ಜಿಲ್ಲೆಯಲ್ಲಿ ಅದೇನು ದೊಡ್ಡ ತಪ್ಪಲ್ಲ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರೂ ಕೆ.ಆರ್. ಪೇಟೆ ಕಡೆಯ ಬೂಕನಕೆರೆಯವರೂ ಆ ಕುರ್ಚಿಯಲ್ಲಿ ಕೂತು ಎದ್ದವರೇ. ನನಗೂ ಅವರಿಗೂ ಇದ್ದ ವ್ಯತ್ಯಾಸ ಒಂದು ಸೊನ್ನೆ. ಸೊನ್ನೆಯನ್ನು ಎಲ್ಲಿ ಹಾಕಿದರೆ ಎಷ್ಟಾಗುತ್ತದೆ ಎಂದು ಕಲಿಯುವುದೇ ನಮ್ಮ ಓದು.

ಅಜ್ಜಿ ಮಾತ್ರ ನೇರ ವಿಚಾರಣೆಗೆ ಇಳಿದಳು. “ಅದೇನ್ಲಾ ಮಗ, ಸಿಎ ಅಂದ್ರೆ?”

“ಲೆಕ್ಕ ಬರೆಯೋದು ಅಜ್ಜಿ. ಬೇರೆಯೋರು ಬರೆದ ಲೆಕ್ಕ ನೋಡಿ ರುಜು ಹಾಕೋದು.”

“ಶಾನುಭೋಗಿಕೆ ಅನ್ನು.”

ವಂಶಪಾರಂಪರ್ಯದ ಶಾನುಭೋಗಿಕೆಯನ್ನು ಸರ್ಕಾರ 1961ರ ಕಾಯ್ದೆಯಿಂದ ರದ್ದು ಮಾಡಿದರೂ ಅಜ್ಜಿಯ ತಲೆಯಿಂದ ರದ್ದಾಗಿರಲಿಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಸಿಟ್ಟು, ಬಳಪದಲ್ಲಿ ಬರೆಯುತ್ತಿದ್ದ ಕಡತವನ್ನು ಚಿಕ್ಕಂದಿನಲ್ಲಿ ನೋಡಿದವಳು ಅವಳು. ಕೆಲಸ ದುಬೈನಲ್ಲಿ ಎಂದಾಗ ಅವಳಿಗೆ ಅನುಮಾನ ಹತ್ತಿತು. “ಶಾನುಭೋಗ್ರು ಊರು ಬುಟ್ಟು ಎಲ್ಗೂ ಓಗ್ತಿರ್ನಿಲ್ಲ ಕಣ್ಲಾ. ಅವ್ರ್ ಕಾಟಕ್ಕೆ ಊರೋರೇ ಊರು ಬುಡ್ತಿದ್ರು.”

ನಿಜ ಹೇಳಬೇಕೆಂದರೆ ನನಗೆ ಲೆಕ್ಕಶಾಸ್ತ್ರ ಕಲಿಸಿದ್ದು ಅಪ್ಪನ ಕಬ್ಬು. ಕಬ್ಬು ಸಾಗಿಸಿದ 14 ದಿನಗಳೊಳಗೆ ಕಾರ್ಖಾನೆ ರೈತನಿಗೆ ಹಣ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಮ್ಮ ಮನೆಯಲ್ಲಿ ಆ 14 ದಿನ ಗೌರಿ ಹಬ್ಬದಿಂದ ಯುಗಾದಿಯವರೆಗೂ ಮುಗಿಯದೆ ಇದ್ದದ್ದುಂಟು. ‘ಸಂಶಯಾಸ್ಪದ ಸಾಲ’ ಎಂಬ ಪಾಠ ಬಂದಾಗ ಮೇಷ್ಟ್ರು ಉದಾಹರಣೆ ಕೊಡುವ ಮೊದಲೇ ನನಗೆ ಅರ್ಥವಾಗಿತ್ತು. ಕಾದು ಕಾದು ಸಾಕಾದ ಅಪ್ಪ ಒಂದು ವರ್ಷ ಅಷ್ಟೂ ಕಬ್ಬನ್ನು ಆಲೆಮನೆಗೆ ಹೊಡೆದ. ಅಲ್ಲಿ ದುಡ್ಡು ಕೈಮೇಲೆ ಸಿಕ್ಕಿತು, ಆದರೆ ಕಮ್ಮಿ.

ಮಳವಳ್ಳಿಗೆ ರೈಲಿಲ್ಲ. ಮೂರು ವರ್ಷದ ಆರ್ಟಿಕಲ್‌ಶಿಪ್‌ಗೆ ಬಸ್ಸಿನಲ್ಲಿ ಮದ್ದೂರು ತಲುಪಿ, ಅಲ್ಲಿಂದ ಪಾಸಿನ ಮೇಲೆ ಬೆಂಗಳೂರಿಗೆ ನಿಂತೇ ಹೋಗುತ್ತಿದ್ದೆ. ಅಷ್ಟು ನಿಂತವನಿಗೆ ಕೊನೆಗೆ ಕೂರಲು ಕುರ್ಚಿ ಕೊಟ್ಟದ್ದು ತೆರಿಗೆಯ ಗೊಡವೆಯೇ ಇಲ್ಲ ಎಂದು ಹೆಸರಾಗಿದ್ದ ದೇಶ. ಅಲ್ಲಿ 2018ರಲ್ಲಿ ಶೇ 5ರ ವ್ಯಾಟ್ ಬಂತು, 2023ರ ಜೂನ್‌ನಿಂದ ಕಂಪನಿಗಳ ಲಾಭದ ಮೇಲೆ ಶೇ 9ರ ತೆರಿಗೆಯೂ ಶುರುವಾಯಿತು. ತೆರಿಗೆ ಕಂಡರಿಯದ ಸಾಹುಕಾರರಿಗೆ ನಮ್ಮಂಥವರು ಬೇಕಾದರು. ಸಂಬಳಕ್ಕೆ ಮಾತ್ರ ಅಲ್ಲಿ ಇವತ್ತಿಗೂ ತೆರಿಗೆಯಿಲ್ಲ.

ಇಲ್ಲೇ ಅಜ್ಜಿಗೂ ಆದಾಯ ತೆರಿಗೆ ಕಾಯ್ದೆಗೂ ಜಟಾಪಟಿ ಆದದ್ದು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ದೇಶದೊಳಗೆ ಇದ್ದರೆ ನೀನು ನಿವಾಸಿ, ಹೊರಗಿನ ಸಂಪಾದನೆಗೂ ಇಲ್ಲಿ ತೆರಿಗೆ ಕಟ್ಟು ಎನ್ನುತ್ತದೆ ಕಾಯ್ದೆ. ಬೆರಳು ಮಡಿಸಿ ಎಣಿಸಿದೆ. ಸೆಪ್ಟೆಂಬರ್ 28ಕ್ಕೆ 181. ಆ ವರ್ಷದ ಮಾಲಯ ಅಮಾವಾಸ್ಯೆ ಅಕ್ಟೋಬರ್ 14ಕ್ಕಿತ್ತು.

“ಮಾರ್ನಮಿ ಎಡೆ ಮುಗುಸ್ಕೊಂಡು ಓಗ್ಲಾ,” ಎಂದಳು ಅಜ್ಜಿ.

“ಆಗಲ್ಲ ಅಜ್ಜಿ, ಲೆಕ್ಕ ಕೆಡುತ್ತೆ.”

“ಅದ್ಯಾವ್ ಸೀಮೆ ಲೆಕ್ಕನಪ್ಪ! ಊರಲ್ಲಿ ಒಂದಿನ ಎಚ್ಗೆ ಇದ್ರೆ ಕೆಡಾದು?”

ಇಷ್ಟು ವರ್ಷ ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಟಿಕೆಟ್ ಮಾಡಿಸುವವನು 29ರ ನಸುಕಿನ ವಿಮಾನ ಅಗ್ಗ ಎಂದ. ಬೇಡವೆಂದು 28ರ ಸಂಜೆಯದನ್ನೇ ಹಿಡಿದೆ. ಅದೂ ಒಳ್ಳೆಯದೇ ಆಯಿತು. ಮಳೆ ಕೈಕೊಟ್ಟ ವರ್ಷ ಅದು. ಕಾವೇರಿ ನೀರಿಗಾಗಿ ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಮುಗಿದಿತ್ತು, 29ಕ್ಕೆ ಕರ್ನಾಟಕ ಬಂದ್ ಕಾದಿತ್ತು.

ಬೆಂಗಳೂರಿಗೆ ಹಲಗೂರು, ಕನಕಪುರದ ಮೇಲೆ ಹೋಗಬಹುದಿತ್ತು. ಅಪ್ಪ ಕಾರನ್ನು ಮದ್ದೂರಿನ ಕಡೆ ತಿರುಗಿಸಿದ. ಕಾರಣ ಕೇಳಬೇಕಾಗಿರಲಿಲ್ಲ. ಮದ್ದೂರು ವಡೆ ಹುಟ್ಟಿದ್ದೂ ಅವಸರದಲ್ಲೇ ಅಂತೆ. 1917ರ ಸುಮಾರಿಗೆ ರೈಲು ನಿಲ್ದಾಣದಲ್ಲಿ ಪಕೋಡ ಮಾರುತ್ತಿದ್ದ ರಾಮಚಂದ್ರ ಬುಧ್ಯ, ರೈಲು ಬಂದೇಬಿಟ್ಟಿತೆಂದು ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರು ಎನ್ನುತ್ತಾರೆ. ಹೊರಟು ನಿಂತವರಿಗಾಗಿಯೇ ಹುಟ್ಟಿದ ತಿಂಡಿ. ಈಗಿನ ಎಕ್ಸ್‌ಪ್ರೆಸ್‌ವೇ ಮದ್ದೂರಿನ ಪೇಟೆಯನ್ನು ಪಕ್ಕಕ್ಕೆ ಬಿಟ್ಟು ಓಡುತ್ತದೆ. ನಾವು ಊರೊಳಕ್ಕೆ ಹೋಗಿ ಎರಡು ಡಜನ್ ಕಟ್ಟಿಸಿಕೊಂಡೆವು. ದುಬೈನಲ್ಲಿ ಮೊದಲ ದಿನವೇ ನನ್ನ ನೇಮಕಾತಿ ಪತ್ರದ ಮೇಲೆ ದುಂಡನೆಯ ಎಣ್ಣೆ ಮೊಹರು ಬಿದ್ದಿತ್ತು.

ಅಕ್ಟೋಬರ್ 14ರ ರಾತ್ರಿ ಅಜ್ಜಿ ವಿಡಿಯೊ ಕಾಲ್‌ನಲ್ಲಿ ಎಡೆ ತೋರಿಸಿದಳು. ತಾತನ ಫೋಟೊ, ಎಲೆ ತುಂಬ ಬಾಡೂಟ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. “ನಿಂಗೂ ಒಂದೆಲೆ ಹಾಕವ ಅನ್ಕಂಡೆ ಮಗ. ಆಮೇಲೆ, ಇದು ಸತ್ತೋರ್ಗಲ್ವಾ ಅಂತ ಬುಟ್ಟೆ,” ಎಂದಳು.

ಮರುವರ್ಷ 15 ದಿನದ ರಜೆಯನ್ನು ಮಾರ್ನಮಿಗೇ ಹೊಂದಿಸಿ ಊರಿಗೆ ಹೋದೆ. ಅಮಾವಾಸ್ಯೆ ಬಿದ್ದದ್ದು ಅಕ್ಟೋಬರ್ 2ಕ್ಕೆ. ಗಾಂಧಿ ಜಯಂತಿ, ಮಾಂಸದ ಅಂಗಡಿಗಳ ಬಾಗಿಲು ಹಾಕಿತ್ತು. ನಮ್ಮ ಹಿತ್ತಲ ಹುಂಜಕ್ಕೆ ಮಾತ್ರ ಅದು ಗೊತ್ತಿರಲಿಲ್ಲ.