ಎಂಜಿನ್ನಿಗೂ ಅಡ್ಡ-ಉದ್ದ ಉಂಟು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹಳೆ ಕಾರು ಇಟ್ಟುಕೊಂಡವರಿಗೆ ಸಲಹೆಗಾರರ ಬರಗಾಲ ಇಲ್ಲ. ಪ್ರೀಮಿಯರ್ ಪದ್ಮಿನಿಯ ಬಾನೆಟ್ ಎತ್ತಿ ನಿಂತರೆ ಸಾಕು, ಚಾ ಗ್ಲಾಸು ಹಿಡಿದವರೊಬ್ಬರು ಬಂದು, "ಹ್ವಾಯ್, ಇದ್ಕೆ ಒಂದ್ ಎಸ್ಟೀಮ್ ಎಂಜಿನ್ ಕೂರ್ಸಿ ಕಾಣಿ!" ಎನ್ನುತ್ತಾರೆ. ಕೂರಿಸುವುದೇನೋ ಸರಿ, ಅದು ಕೂರುವುದು ಬೇಡವೇ?

ಎಸ್ಟೀಮಿನ 1298 ಸಿಸಿ ಎಂಜಿನ್ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುವಂಥದ್ದು. ಪದ್ಮಿನಿಯದ್ದು ಉದ್ದಕ್ಕೆ, ಶಕ್ತಿ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಹಿಂದಿನ ಆಕ್ಸಲ್‌ಗೆ ಹೋಗಬೇಕು. ಅಡ್ಡ ಮಲಗಿ ರೂಢಿಯಾದ ನೆಂಟರನ್ನು ಉದ್ದಕ್ಕೆ ಮಲಗಿಸಿದ ಹಾಗೆ, ಸಂಪ್ ಕೆಳಗೆ ತಾಗುತ್ತದೆ, ಸೈಲೆನ್ಸರ್ ಪೈಪು ಸ್ಟೀರಿಂಗ್ ಮೇಲೆ ಕಾಲು ಹಾಕುತ್ತದೆ, ಗೇರ್‌ಬಾಕ್ಸಂತೂ ಬೇರೆಯೇ ಬೇಕು.

ಆಗದ ಮಾತಲ್ಲ. ಇದೇ ಕುಟುಂಬದ ಎಂಜಿನ್ ಜಿಪ್ಸಿಯಲ್ಲಿ ಉದ್ದಕ್ಕೇ ಕೂತಿತ್ತು. ಇನ್ನೂ ಹತ್ತಿರದ ಸಾಕ್ಷಿ ನಮ್ಮ ಓಮ್ನಿ. ಮಾರುತಿ 800ರಲ್ಲಿ ಅಡ್ಡ ಕೂತು ಮುಂದಿನ ಚಕ್ರ ಎಳೆದ 796 ಸಿಸಿ ಎಂಜಿನ್ನೇ ಓಮ್ನಿಯ ಸೀಟಿನಡಿ ಉದ್ದಕ್ಕೆ ಕೂತು ಹಿಂದಿನ ಚಕ್ರ ತಳ್ಳಿತು. 2019ರವರೆಗೆ ತಯಾರಾದ ಆ ಡಬ್ಬಿ ಮೀನು, ಮಲ್ಲಿಗೆ, ಮದುವೆ ದಿಬ್ಬಣ ಯಾವುದಕ್ಕೂ ಇಲ್ಲ ಎನ್ನಲಿಲ್ಲ.

ಆದರೆ ಕೆಲಸ ಗ್ಯಾರೇಜಿನಲ್ಲಿ ಮುಗಿಯುವುದಿಲ್ಲ. ವಾಹನದಲ್ಲಿ ಇಂಥ ಮಾರ್ಪಾಡು ಮಾಡುವುದಕ್ಕೆ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಕಟ್ಟುಪಾಡು ಇದೆ; ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರೂ ಬೀಳಬೇಕು. ಆದ್ದರಿಂದ ಎಂಜಿನ್ನಿಗೆ ಮುಂಗಡ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಸಲಹೆ ಕೊಟ್ಟವರು ಅಲ್ಲಿಗೆ ಜತೆಗೆ ಬರುವುದಿಲ್ಲ.