ಹಗ್ಗವಲ್ಲ, ಆಂಟೆನಾ

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಪರೀಕ್ಷೆಗೆ 12 ವರ್ಷ ತುಂಬಿದ ಮಕ್ಕಳೂ ಕೂರಬಹುದು. ನಾನು ಕೂತದ್ದು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವ ವಯಸ್ಸಿನಲ್ಲಿ. ಪಾಸಾಗಿ, ವಿಯು3 ಎಂದು ಶುರುವಾಗುವ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಕರೆಯುವ ಹೆಸರು ಬಂತು. ಅದಕ್ಕಿಂತ ಮೇಲಿನ ಜನರಲ್ ದರ್ಜೆಯ ಹಿರಿಯರದು ವಿಯು2. ಹಾಗಾಗಿ ನಾನು ಬಾಯಿ ತೆರೆದರೆ ಸಾಕು, ಇವನಿನ್ನೂ ಎಳಸು ಎಂದು ದೇಶಕ್ಕೆಲ್ಲ ತಿಳಿಯುತ್ತದೆ.

ಹಿರಿಯರು ಹರಟುವುದು 40 ಮೀಟರ್ ಬ್ಯಾಂಡಿನಲ್ಲಿ. ಅದಕ್ಕೆ ಡೈಪೋಲ್ ಆಂಟೆನಾ ಕಟ್ಟಲು ಸುಮಾರು 20 ಮೀಟರ್, ಅಂದರೆ 66 ಅಡಿ ತಂತಿ ಬೇಕು. ನಮ್ಮದು 30-40 ಸೈಟು. ಮೂಲೆಯಿಂದ ಮೂಲೆಗೆ ಎಳೆದರೂ 50 ಅಡಿ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಇಷ್ಟು ವರ್ಷಕ್ಕೆ ಒಮ್ಮೆ ಕೆಲಸಕ್ಕೆ ಬಂದ, ಅದೂ ಆಗುವುದಿಲ್ಲ ಎನ್ನಲು. ಉಳಿದ ತಂತಿಯನ್ನು ಪಕ್ಕದ ಮನೆಯ ತೆಂಗಿನ ಮರಕ್ಕೆ ಕಟ್ಟಿದೆ. ಕಾಯಿ ಕೀಳಿಸುವ ಕೂಲಿ ಇನ್ನು ಮುಂದೆ ನನ್ನದು.

ಆಮೇಲೆ ಎಸ್‌ಡಬ್ಲ್ಯುಆರ್ ಪುರಾಣ. ಹಿರಿಯರನ್ನು ಏನೇ ಕೇಳಿ, "ನಿಮ್ಮ ಎಸ್‌ಡಬ್ಲ್ಯುಆರ್ ಎಷ್ಟು?" ಎಂದೇ ಮರುಪ್ರಶ್ನೆ. ಅದು ಒಂದಕ್ಕೆ ಹತ್ತಿರವಿದ್ದಷ್ಟೂ ಕ್ಷೇಮ. ಏರಿದರೆ, ಆಂಟೆನಾಗೆ ಕಳಿಸಿದ ಶಕ್ತಿ ವಿಳಾಸ ತಪ್ಪಿದ ಮದುವೆ ಕರೆಯೋಲೆಯಂತೆ ವಾಪಸ್ ಬರುತ್ತದೆ. ನನ್ನದು ಬೆಳಗಿನ ಜಾವ ಒಂದೂವರೆ, ಹತ್ತು ಗಂಟೆಗೆ ಮೂರು. ಕೇಬಲ್ಲಿಗೂ ಆಂಟೆನಾಗೂ ನಡುವೆ ಕೂರುವ ಬಾಲನ್ ಬದಲಿಸಿ ಅಂದರು ಒಬ್ಬರು. ಕೇಬಲ್ ಒಳಗೆ ನೀರಿಳಿದಿದೆ ಅಂದರು ಇನ್ನೊಬ್ಬರು. ನಾನಂತೂ ನೇರವಾಗಿ ಸೂರ್ಯನ ಕಲೆಗಳನ್ನೇ ಶಂಕಿಸಿದೆ. ಮಹಡಿ ಹತ್ತಿ ನೋಡಿದರೆ ತಂತಿಯ ಉದ್ದಕ್ಕೂ ಅಮ್ಮನ ಒದ್ದೆ ಸೀರೆ, ಹೊದಿಕೆಗಳು, ನೀರು ತೊಟ್ಟಿಕ್ಕಿಸುತ್ತಾ.

"ಒಳ್ಳೇ ಹಗ್ಗ ಕಟ್ಟಿದೀಯ ಕಣೋ, ಜೋತುಬೀಳೋದೇ ಇಲ್ಲ!"

ಎಷ್ಟೋ ವರ್ಷಗಳ ಮೇಲೆ ಅಮ್ಮ ನನ್ನ ಕೆಲಸವನ್ನು ಹೊಗಳಿದ್ದಳು. ಬಾಯಿ ಮುಚ್ಚಿಕೊಂಡು ಇಳಿದು ಬಂದೆ.

ಮರುದಿನ ಬಟ್ಟೆ ಹರವುವ ಮೊದಲೇ ಎದ್ದು ಕೂಗಿದೆ. ಹುಬ್ಬಳ್ಳಿಯ ಹಿರಿಯರೊಬ್ಬರು ಓಗೊಟ್ಟರು. "ನಿಮ್ಮ ಸಿಗ್ನಲ್ ಫೈವ್ ನೈನ್!" ಅಂದರೆ ಸ್ಪಷ್ಟತೆಗೆ ಐದಕ್ಕೆ ಐದು, ಜೋರಿಗೆ ಒಂಬತ್ತಕ್ಕೆ ಒಂಬತ್ತು. ಕೂಡಲೇ ಸೇರಿಸಿದರು: "ಹೆಸರು ಇನ್ನೊಂದ್ಸಲ ಹೇಳ್ರಿ, ಏನೂ ಕೇಳಸವಲ್ದು." ಹ್ಯಾಮ್‌ಗಳ ದಾಕ್ಷಿಣ್ಯ ಅಂಥದ್ದು. ಆಮೇಲೆ ಹವಾಮಾನ ಮಾತಾಡಿದೆವು. ಅಲ್ಲಿ ಮೋಡ. ಇಲ್ಲೂ ಮೋಡ.

"ಇದನ್ನ ಫೋನಲ್ಲಿ ಕೇಳಿದ್ರೆ ಆಗ್ತಿರ್ಲಿಲ್ವಾ?" ಎಂದಳು ಹೆಂಡತಿ. ಅಯಾನುಮಂಡಲದಿಂದ ಪುಟಿದು ಬಂದ ಮೋಡವೇ ಬೇರೆ ಎಂದು ಅವಳಿಗೆ ಹೇಗೆ ವಿವರಿಸುವುದು? ಅವಳು ಮಿಕ್ಸಿ ಹಾಕಿದಳು. ಹುಬ್ಬಳ್ಳಿ ಕರಕರ ಸದ್ದಿನಲ್ಲಿ ಮುಳುಗಿಹೋಯಿತು. ಇರಲಿ, ಕಾಫಿಯಾದರೂ ಸಿಗಲಿ ಎಂದು ಅಲ್ಲಿಂದಲೇ ಕೂಗಿದೆ.

ಮಿಕ್ಸಿ ನಿಲ್ಲಿಸದೆಯೇ ಉತ್ತರ ಬಂತು: "ಫೈವ್ ನೈನ್ ರೀ! ಏನು ಕೇಳಿದ್ರಿ ಅಂತ ಮಾತ್ರ ಗೊತ್ತಾಗ್ಲಿಲ್ಲ!"