ಬಿ ಟೀಮಿನ ಲೆಕ್ಕಪತ್ರ

(ಬೆಂಗಳೂರಿನ ಕ್ರಿಕೆಟ್ ಕ್ಲಬ್ಬೊಂದರ ಕೋಣೆ. ಲೀಗ್ ಮುಗಿದಿದೆ. ಸೆಕ್ರೆಟರಿ ಸ್ಕೋರ್‌ಬುಕ್ಕಿನ ಮೇಲೇ ಖಾರದ ಮಿಕ್ಸ್ಚರ್ ಸುರುವಿಕೊಂಡು ತಿನ್ನುತ್ತಿದ್ದಾರೆ.)

ಸೆಕ್ರೆಟರಿ: ಏನಪ್ಪಾ ಕ್ಯಾಪ್ಟನ್, ಒಂದೂ ಗೆದ್ದಿಲ್ವಾ?

ಕ್ಯಾಪ್ಟನ್: ಒಂದು ಗೆದ್ವಿ ಸಾರ್. ಆವತ್ತು ಎದುರು ಟೀಮು ಬರ್ಲೇ ಇಲ್ಲ.

ಸೆಕ್ರೆಟರಿ: ಇದೇನಿದು, ಟೈಮ್ಡ್ ಔಟ್?

ಕ್ಯಾಪ್ಟನ್: ವಿಕೆಟ್ ಬಿದ್ದ 3 ನಿಮಿಷದೊಳಗೆ ಮುಂದಿನವನು ರೆಡಿ ಇರ್ಬೇಕಂತೆ. ನಮ್ಮವನು ರೆಡಿಯಾಗೇ ಇದ್ದ ಸಾರ್, ಪ್ಯಾಡ್ ಕಟ್ಕೊಂಡು. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ, ಆಟೋ ಒಳಗೆ.

ಸೆಕ್ರೆಟರಿ: 2023ರ ವಿಶ್ವಕಪ್ಪಲ್ಲಿ ಏಂಜೆಲೊ ಮ್ಯಾಥ್ಯೂಸೂ ಹಾಗೇ ಔಟಾಗಿದ್ದು. ಇಂಟರ್‌ನ್ಯಾಷನಲ್ ಲೆವೆಲ್ಲು ಬಿಡು! ಮ್ಯಾಟ್ ಹರಿದಿದೆ ಅಂತಿದ್ದೆ?

ಕ್ಯಾಪ್ಟನ್: ಗುಡ್ ಲೆಂಗ್ತಲ್ಲೇ ತೂತು. ನಮ್ಮ ಬೌಲರ್‌ಗಳಿಗೇನೂ ತೊಂದರೆಯಿಲ್ಲ, ಅವರ ಬಾಲು ಅಲ್ಲಿ ಬೀಳೋದೇ ಇಲ್ಲ.

ಸೆಕ್ರೆಟರಿ: ಆ ಓಪನರ್ ಹುಡುಗ?

ಕ್ಯಾಪ್ಟನ್: ಐವತ್ತು ಹೊಡೆದ. ಸಂಜೆಗೇ ಎ ಟೀಮಿನೋರು ಎತ್ತಾಕ್ಕೊಂಡು ಹೋದ್ರು. ಈಗ ಅಲ್ಲಿ ನೀರು ಹೊರ್ತಾನೆ.

(ಎ ಟೀಮಿಗೆ ಹನ್ನೆರಡನೆಯವನು ಬೇಕಾದರೆ ಬಿ ಟೀಮಿನ ಹನ್ನೊಂದನೆಯವನು ಮಾಯವಾಗುವುದು ಕ್ಲಬ್ಬುಗಳಲ್ಲಿ ಬರೆಯದ ಕಾನೂನು.)

ಸೆಕ್ರೆಟರಿ: ಪ್ರತಿಭೆ ಬೆಳೆಸೋದು ಅಂದ್ರೆ ಇದೇ! ಮುಂದಿನ ಸೀಸನ್‌ಗೆ ಏನು ಬೇಕು ಹೇಳು.

ಕ್ಯಾಪ್ಟನ್: ಹನ್ನೊಂದು ಜನ ಸಾರ್.

ಸೆಕ್ರೆಟರಿ: ಕಮಿಟಿ ಮುಂದಿಡ್ತೀನಿ. ಒಂಬತ್ತಕ್ಕೆ ಒಪ್ಪಬಹುದು.